ಉಪಭಾಷಾ ಪದಪಟ್ಟಿ ಮತ್ತು ಆನ್‌ಲೈನ್ ಸ್ಪ್ರೆಡ್‌ಶೀಟ್: ಜಿ-ಸ್ಪ್ರೆಡ್ ಲೈಬ್ರರಿಯ ಬಳಕೆಯಲ್ಲಿ ಕನ್ನಡ ದತ್ತಾಂಶದ ಸಂರಕ್ಷಣೆ

ಸಾರಾಂಶ

ಕ್ಷೇತ್ರಕಾರ್ಯದ ಪದಪಟ್ಟಿಗಳನ್ನು ಗೂಗಲ್ ಶೀಟ್ಸ್‌ನಂತಹ ಆನ್‌ಲೈನ್ ಹಾಳೆಗಳಲ್ಲಿ ತುಂಬಿ, ಪೈಥಾನ್ ಭಾಷೆಯ ಜಿ-ಸ್ಪ್ರೆಡ್ ಲೈಬ್ರರಿಯ ಮೂಲಕ ಓದಿ ವಿಶ್ಲೇಷಿಸುವ ರೂಢಿ ಬೆಳೆಯುತ್ತಿದೆ. ಕೋಶದಲ್ಲಿ ಬರೆದುದು ಹಾಗೆಯೇ ಶೇಖರವಾಗುತ್ತದೆ, ಶೇಖರವಾದುದು ಹಾಗೆಯೇ ವಿಶ್ಲೇಷಣೆಗೆ ತಲುಪುತ್ತದೆ ಎಂಬ ನಂಬಿಕೆ ಈ ರೂಢಿಯ ಹಿಂದಿದೆ. ಬರೆಯುವಾಗ, ಓದುವಾಗ ಮತ್ತು ಹೋಲಿಸುವಾಗ ದತ್ತಾಂಶವು ಮೂರು ಬಗೆಯಲ್ಲಿ ಮಾರ್ಪಡಬಲ್ಲದೆಂಬುದನ್ನು ಪ್ರಸ್ತುತ ಲೇಖನವು ದಾವಣಗೆರೆ ಸೀಮೆಯ ಆನಗೋಡು ಮತ್ತು ಹರಿಹರಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುತ್ತದೆ. ಈ ಮಾರ್ಪಾಡುಗಳು ಇಲ್ಲದ ಉಪಭಾಷಾ ಗಡಿಯನ್ನು ಸೃಷ್ಟಿಸಬಲ್ಲವು, ಇರುವ ಗಡಿಯನ್ನು ಅಳಿಸಬಲ್ಲವು ಎಂಬುದು ಇಲ್ಲಿನ ವಾದ.

ಕೀಲಿಪದಗಳು: ಉಪಭಾಷಾಶಾಸ್ತ್ರ, ಪದಪಟ್ಟಿ, ಆನ್‌ಲೈನ್ ಸ್ಪ್ರೆಡ್‌ಶೀಟ್, ಜಿ-ಸ್ಪ್ರೆಡ್, ಯೂನಿಕೋಡ್, ದಾವಣಗೆರೆ

1. ಪೀಠಿಕೆ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಸಾಗಿದರೆ ಆನಗೋಡು ಸಿಗುತ್ತದೆ. ವಿರುದ್ಧ ದಿಕ್ಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹರಿಹರವಿದೆ. ಈ ಸೀಮೆ ಮೈಸೂರು ಕಡೆಯ ಮಾತಿಗೂ ಧಾರವಾಡ ಕಡೆಯ ಮಾತಿಗೂ ನಡುವೆ ನಿಂತಿರುವುದರಿಂದ ಉಪಭಾಷಾಧ್ಯಯನಕ್ಕೆ ಫಲವತ್ತಾದ ನೆಲ. ಪದಾಂತ್ಯದ ಎಕಾರ ಇಕಾರವಾಗುವುದು, ಅಂದರೆ ಮನೆ, ಎಲೆ ಎಂಬವು ಮನಿ, ಎಲಿ ಎಂದಾಗುವುದು, ಧಾರವಾಡ ಕಡೆಯ ಮಾತಿನ ಚಿರಪರಿಚಿತ ಲಕ್ಷಣ. ಇದೆ, ಐತೆ, ಐತಿ ಎಂಬ ಕ್ರಿಯಾರೂಪಗಳ ಹಂಚಿಕೆಯೂ ಇಂತಹದೇ. ನಡುಸೀಮೆಯಲ್ಲಿ ಯಾವ ಊರಿನಲ್ಲಿ, ಯಾವ ವಯೋಮಾನದವರಲ್ಲಿ, ಯಾವ ಪದದಲ್ಲಿ ಯಾವ ರೂಪ ಬಳಕೆಯಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಒಂದು ಸ್ವರದ ವ್ಯತ್ಯಾಸವನ್ನು ಎಣಿಸುತ್ತಿರುತ್ತಾರೆ. ಆದುದರಿಂದ ಒಂದು ಸ್ವರಚಿಹ್ನೆ ಎಲ್ಲಿಯೂ ಕದಲದೆ ಉಳಿಯುವುದು ಇಲ್ಲಿ ಅಧ್ಯಯನದ ತಳಹದಿಯ ಪ್ರಶ್ನೆಯಾಗುತ್ತದೆ.

1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ ನಂಜನಗೂಡು ಕನ್ನಡ, ಗುಲ್ಬರ್ಗ ಕನ್ನಡ ಮುಂತಾದ ಉಪಭಾಷಾ ವಿವರಣೆಗಳ ಕಾಲದಲ್ಲಿ ಸಂಶೋಧಕರ ಕಿವಿಗೂ ಮುದ್ರಿತ ಪುಟಕ್ಕೂ ನಡುವೆ ಇದ್ದುದು ಟಿಪ್ಪಣಿ ಪುಸ್ತಕ, ಚೀಟಿ ಮತ್ತು ಅಚ್ಚುಮನೆ. ಇಂದು ಆ ಜಾಗದಲ್ಲಿ ಫೋನಿನ ಕೀಲಿಮಣೆ, ಆನ್‌ಲೈನ್ ಹಾಳೆ, ಅದನ್ನು ತಲುಪಿಸುವ ಎಪಿಐ, ಎಪಿಐಯನ್ನು ಕರೆಯುವ ಲೈಬ್ರರಿ ಮತ್ತು ವಿಶ್ಲೇಷಣೆಯ ಪ್ರೋಗ್ರಾಂ ಇವೆ. ಪ್ರತಿಯೊಂದೂ ತನ್ನದೇ ಊಹೆಗಳ ಪ್ರಕಾರ ದತ್ತಾಂಶವನ್ನು ಅರ್ಥೈಸುತ್ತದೆ. ಆ ಊಹೆಗಳನ್ನು ಲೆಕ್ಕಾಚಾರದ ಅಗತ್ಯಕ್ಕೆ ರೂಪಿಸಲಾಗಿದೆಯೇ ಹೊರತು ಭಾಷಾ ಸಾಮಗ್ರಿಗಾಗಿ ಅಲ್ಲ.

ವಿವರಣೆಯ ಅನುಕೂಲಕ್ಕಾಗಿ ನಾವು ಒಂದು ಮಾದರಿ ಹಾಳೆಯನ್ನು ಕಲ್ಪಿಸಿಕೊಂಡಿದ್ದೇವೆ. ಅದರಲ್ಲಿ ಏಳು ಕಂಬಸಾಲುಗಳಿವೆ: ಪ್ರಶ್ನೆಯ ಸಂಖ್ಯೆ, ಸ್ಥಳ, ಮಾಹಿತಿದಾರರ ಸಂಕೇತ, ಕನ್ನಡ ಲಿಪಿಯ ರೂಪ, ರೋಮನ್ ಲಿಪ್ಯಂಕನ, ವ್ಯಾಕರಣದ ಗ್ಲಾಸ್ ಮತ್ತು ಧ್ವನಿಕಡತದ ಹೆಸರು. ಲೈಬ್ರರಿಯ ಆದೇಶಗಳ ಹೆಸರುಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

2. ಹಾಳೆ, ಎಪಿಐ ಮತ್ತು ಲೈಬ್ರರಿಯ ಸಂಬಂಧ

ಗೂಗಲ್ ಶೀಟ್ಸ್ 2006ರಲ್ಲಿ ಆರಂಭವಾಯಿತು. ಪ್ರೋಗ್ರಾಂ ಒಂದು ಈ ಹಾಳೆಯನ್ನು ನೇರವಾಗಿ ತೆರೆಯುವುದಿಲ್ಲ. ಶೀಟ್ಸ್ ಎಪಿಐ ಎಂಬ ಮಧ್ಯವರ್ತಿಗೆ ಅಂತರ್ಜಾಲದ ಮೂಲಕ ಕೋರಿಕೆ ಸಲ್ಲಿಸುತ್ತದೆ. ಜಿ-ಸ್ಪ್ರೆಡ್ ಎಂಬುದು ಈ ಕೋರಿಕೆಗಳನ್ನು ಸರಳ ಆದೇಶಗಳಾಗಿ ಒದಗಿಸುವ ಮುಕ್ತ ಆಕರದ ಪೈಥಾನ್ ಲೈಬ್ರರಿ. ಪ್ರೋಗ್ರಾಂಗೆ ಸರ್ವೀಸ್ ಅಕೌಂಟ್ ಎಂಬ ಪ್ರತ್ಯೇಕ ಗುರುತನ್ನು ಸೃಷ್ಟಿಸಿ, ಅದರ ಇ-ಮೇಲ್ ವಿಳಾಸಕ್ಕೆ ಹಾಳೆಯನ್ನು ಹಂಚಿಕೊಳ್ಳುವುದು ವಾಡಿಕೆಯ ಕ್ರಮ. ವಿಶ್ಲೇಷಣೆ ಮಾತ್ರ ಉದ್ದೇಶವಾಗಿದ್ದರೆ ಈ ಖಾತೆಗೆ ನೋಡುವ ಅನುಮತಿಯನ್ನಷ್ಟೇ ಕೊಡಬೇಕು. ಆಗ ಪ್ರೋಗ್ರಾಂನಲ್ಲಿ ಏನೇ ದೋಷವಿದ್ದರೂ ಮೂಲ ದಾಖಲೆ ಕೆಡುವುದಿಲ್ಲ. ಖಾತೆಯ ಕೀಲಿ ಕಡತವನ್ನು ಪ್ರೋಗ್ರಾಂನೊಂದಿಗೆ ಸಾರ್ವಜನಿಕ ಭಂಡಾರಕ್ಕೆ ಏರಿಸಬಾರದು. ಮಾಹಿತಿದಾರರ ಹೆಸರು, ವಿಳಾಸಗಳು ಬೇರೆಯೇ ಕಡತದಲ್ಲಿದ್ದು, ಪದಪಟ್ಟಿಯಲ್ಲಿ ಸಂಕೇತ ಮಾತ್ರ ಇರಬೇಕು. ಹಂಚಿಕೆಯ ಅನುಮತಿ ಇಡೀ ಸ್ಪ್ರೆಡ್‌ಶೀಟಿಗೆ ಅನ್ವಯಿಸುವುದರಿಂದ ಒಂದೇ ಕಡತದ ಮತ್ತೊಂದು ಹಾಳೆಯಲ್ಲಿ ಹೆಸರುಗಳನ್ನು ಇಟ್ಟರೆ ಸಾಲದು.

ಎಪಿಐಗೆ ಮಿತಿಗಳಿವೆ. ಒಬ್ಬ ಬಳಕೆದಾರರ ಪರವಾಗಿ ಒಂದು ಯೋಜನೆಯಿಂದ ನಿಮಿಷಕ್ಕೆ 60 ಓದುವ ಕೋರಿಕೆಗಳನ್ನು ಮಾತ್ರ ಸಲ್ಲಿಸಬಹುದು. ಮೀರಿದರೆ 429 ಎಂಬ ದೋಷಸಂಕೇತ ಮರಳುತ್ತದೆ. ಸ್ವಾಡೆಶ್ ಅವರ 207 ಪದಗಳ ಪಟ್ಟಿಗೆ ಹತ್ತು ಮಂದಿಯ ಉತ್ತರಗಳಿದ್ದು, ಕೋಶಕ್ಕೆ ಒಂದರಂತೆ ಕೋರಿಕೆ ಸಲ್ಲಿಸಿದರೆ 2070 ಕೋರಿಕೆಗಳಾಗಿ ಅರ್ಧ ಗಂಟೆಗೂ ಮೀರಿದ ಸಮಯ ಬೇಕು. ಇಡೀ ಹಾಳೆಯನ್ನು ಒಂದೇ ಕೋರಿಕೆಯಲ್ಲಿ ತರಿಸಿಕೊಂಡು, ಮುಂದಿನ ಕೆಲಸವನ್ನೆಲ್ಲ ತಮ್ಮ ಯಂತ್ರದಲ್ಲಿ ನಡೆಸುವುದೇ ಸರಿಯಾದ ಕ್ರಮ. ಇದರಿಂದ ಇನ್ನೊಂದು ಲಾಭವೂ ಇದೆ. ಹಲವರು ಏಕಕಾಲದಲ್ಲಿ ತುಂಬುತ್ತಿರುವ ಹಾಳೆಯನ್ನು ತುಣುಕು ತುಣುಕಾಗಿ ಓದಿದರೆ ಮೊದಲ ಸಾಲು ಒಂದು ಕ್ಷಣದ್ದು, ಕೊನೆಯ ಸಾಲು ಮತ್ತೊಂದು ಕ್ಷಣದ್ದು ಆಗುತ್ತದೆ. ಒಂದೇ ಕೋರಿಕೆಯಲ್ಲಿ ಓದಿದುದು ಒಂದು ಕ್ಷಣದ ಪೂರ್ಣಚಿತ್ರ.

3. ಬರೆಯುವ ದಾರಿಯಲ್ಲಿ ಆಗುವ ಮಾರ್ಪಾಡು

ಎಪಿಐಯ ಮೂಲಕ ಕೋಶಕ್ಕೆ ಮೌಲ್ಯವನ್ನು ಎರಡು ರೀತಿಯಲ್ಲಿ ಬರೆಯಬಹುದು. ‘ರಾ’ ಎಂಬ ಕ್ರಮದಲ್ಲಿ ಕಳುಹಿಸಿದ ಅಕ್ಷರಸರಣಿ ಇದ್ದಂತೆಯೇ ಶೇಖರವಾಗುತ್ತದೆ. ‘ಯೂಸರ್ ಎಂಟರ್ಡ್’ ಎಂಬ ಕ್ರಮದಲ್ಲಿ, ಯಾರೋ ಕೀಲಿಮಣೆಯಿಂದ ಹಾಳೆಯಲ್ಲಿಯೇ ಒತ್ತಿದರೆ ಹೇಗೋ ಹಾಗೆ, ಅದನ್ನು ಅರ್ಥೈಸಿ ಶೇಖರಿಸಲಾಗುತ್ತದೆ. ಭಾಷಾ ಸಾಮಗ್ರಿಯ ದೃಷ್ಟಿಯಿಂದ ಈ ಭೇದ ನಿರ್ಣಾಯಕ.

ಲೈಪ್‌ಜಿಗ್ ಗ್ಲಾಸಿಂಗ್ ನಿಯಮಗಳ ಪ್ರಕಾರ ಕ್ಲಿಟಿಕ್ಕಿನ ಗಡಿಯನ್ನು ಸಮಚಿಹ್ನೆಯಿಂದ ಸೂಚಿಸುತ್ತೇವೆ. ಕನ್ನಡದ ಊ, ಏ, ಓ ಮುಂತಾದ ಕ್ಲಿಟಿಕ್ಕುಗಳನ್ನು ಪ್ರತ್ಯೇಕ ಕೋಶದಲ್ಲಿ ನಮೂದಿಸುವಾಗ ಕೋಶವು ಸಮಚಿಹ್ನೆಯಿಂದಲೇ ಆರಂಭವಾಗುತ್ತದೆ. ಸ್ಪ್ರೆಡ್‌ಶೀಟಿಗೆ ಸಮಚಿಹ್ನೆಯೆಂದರೆ ಸೂತ್ರದ ಆರಂಭ. ‘=ಊ’ ಎಂಬುದನ್ನು ಅದು ಲೆಕ್ಕ ಮಾಡಲು ಹೊರಟು ದೋಷಸೂಚನೆಯನ್ನು ತೋರಿಸುತ್ತದೆ. ಇದು ಕಣ್ಣಿಗೆ ಕಾಣುವ ತೊಂದರೆ, ತಿದ್ದಿಕೊಳ್ಳಬಹುದು. ಪ್ರಶ್ನಾವಳಿಯ ಒಂದನೆಯ ಭಾಗದ ಎರಡನೆಯ ಪ್ರಶ್ನೆಯನ್ನು ‘1-2’ ಎಂದು ಬರೆದಾಗ ಆಗುವುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹಾಳೆ ಅದನ್ನು ದಿನಾಂಕವೆಂದು ತಿಳಿಯುತ್ತದೆ. ಅದು ಫೆಬ್ರವರಿ 1 ಆಗಬೇಕೋ ಜನವರಿ 2 ಆಗಬೇಕೋ ಎಂಬುದು ಹಾಳೆಗೆ ನಿಗದಿಯಾದ ದೇಶಭಾಷಾ ವ್ಯವಸ್ಥೆಯನ್ನು ಅವಲಂಬಿಸಿದೆ. ಒಳಗೆ ಶೇಖರವಾಗುವುದು 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳ ಸಂಖ್ಯೆ.

ಇಂತಹ ಪರಿವರ್ತನೆ ಭಾಷಾವಿಜ್ಞಾನಕ್ಕೆ ಸೀಮಿತವಲ್ಲ. ಮಾನವ ಜೀನ್‌ಗಳ ಹೆಸರುಗಳನ್ನು ನಿಗದಿಪಡಿಸುವ ಅಂತರರಾಷ್ಟ್ರೀಯ ಸಮಿತಿಯು, ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ಹೆಸರನ್ನು ಹೋಲುವ ಜೀನ್ ಸಂಕೇತಗಳನ್ನು ಎಕ್ಸೆಲ್ ದಿನಾಂಕಗಳಾಗಿ ಮಾರ್ಪಡಿಸುತ್ತಿದ್ದುದರಿಂದ, ಆ ಸಂಕೇತಗಳನ್ನೇ ಬದಲಿಸಿ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಜೀವವಿಜ್ಞಾನಿಗಳು ಹೆಸರನ್ನು ಬದಲಿಸಿಕೊಂಡರು. ಮಾಹಿತಿದಾರರು ಆಡಿದ ರೂಪವನ್ನು ನಾವು ಬದಲಿಸಲಾರೆವು.

ಜಿ-ಸ್ಪ್ರೆಡ್‌ನಲ್ಲಿ ಹೆಚ್ಚಿನ ಬರೆಯುವ ಆದೇಶಗಳು ತಾವಾಗಿ ‘ರಾ’ ಕ್ರಮವನ್ನೇ ಅನುಸರಿಸುತ್ತವೆ. ಆದರೆ ಒಂದೇ ಕೋಶವನ್ನು ತಿದ್ದುವ ‘ಅಪ್‌ಡೇಟ್ ಸೆಲ್’ ಆದೇಶ ‘ಯೂಸರ್ ಎಂಟರ್ಡ್’ ಕ್ರಮದಲ್ಲಿ ಬರೆಯುತ್ತದೆ. ಹೀಗಾಗಿ ಸಾಲುಗಳನ್ನು ಒಟ್ಟಾಗಿ ಸೇರಿಸುವಾಗ ಸುರಕ್ಷಿತವಾಗಿದ್ದ ರೂಪವು ಅನಂತರ ಒಂದೊಂದಾಗಿ ತಿದ್ದುವಾಗ ಬೇರೆಯಾಗಬಲ್ಲದು. ಪ್ರೋಗ್ರಾಂ ಎಷ್ಟೇ ಎಚ್ಚರಿಕೆಯಿಂದ ಬರೆದರೂ ಕ್ಷೇತ್ರದಲ್ಲಿರುವವರು ಹಾಳೆಯಲ್ಲಿ ನೇರವಾಗಿ ತುಂಬುತ್ತಾರೆ. ಆದ್ದರಿಂದ ಮೊದಲ ಪದವನ್ನು ನಮೂದಿಸುವ ಮುನ್ನವೇ ಎಲ್ಲ ಕಂಬಸಾಲುಗಳನ್ನೂ ‘ಪ್ಲೇನ್ ಟೆಕ್ಸ್ಟ್’ ಎಂದು ನಿಗದಿಗೊಳಿಸಬೇಕು. ಆಮೇಲೆ ನಿಗದಿಗೊಳಿಸಿದರೆ ಆಗಲೇ ದಿನಾಂಕವಾದುದು ಪ್ರಶ್ನೆಯ ಸಂಖ್ಯೆಯಾಗಿ ಮರಳುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಸ್ವಯಂಪೂರಣ. ಒಂದು ಕಂಬಸಾಲಿನಲ್ಲಿ ಹಿಂದೆ ಬಂದ ಮೌಲ್ಯವನ್ನು ಹಾಳೆ ಹೊಸ ಕೋಶದಲ್ಲಿ ಸೂಚಿಸುತ್ತದೆ. ಮೇಲೆ ‘ಮನೆ’ ಇದ್ದು, ಕೆಳಗೆ ‘ಮನಿ’ ಎಂದು ಬರೆಯಲು ಮೊದಲೆರಡು ಅಕ್ಷರಗಳನ್ನು ಒತ್ತಿದೊಡನೆ ‘ಮನೆ’ ಸಿದ್ಧವಾಗಿ ನಿಲ್ಲುತ್ತದೆ. ಎಂಟರ್ ಒತ್ತಿದರೆ ಅದೇ ಉಳಿಯುತ್ತದೆ. ಫೋನಿನ ಕೀಲಿಮಣೆಯ ಸಲಹೆಗಳೂ ಶಿಷ್ಟರೂಪದ ಕಡೆಗೇ ಎಳೆಯುತ್ತವೆ. ದಿನಾಂಕದ ದೋಷ ಎಲ್ಲ ಊರುಗಳಿಗೂ ಸಮನಾಗಿ ತಟ್ಟುತ್ತದೆ. ಸ್ವಯಂಪೂರಣದ ದೋಷ ಹಾಗಲ್ಲ. ಅದು ಶಿಷ್ಟವಲ್ಲದ ರೂಪವನ್ನೇ ಆಯ್ದು ಅಳಿಸುತ್ತದೆ, ಅಂದರೆ ನಾವು ಅಳೆಯಬೇಕೆಂದಿರುವ ವ್ಯತ್ಯಾಸವನ್ನೇ ಕುಗ್ಗಿಸುತ್ತದೆ. ಹಾಳೆಯ ಪರಿಕರಗಳ ಪಟ್ಟಿಯಲ್ಲಿ ಇದನ್ನು ನಿಲ್ಲಿಸುವ ಅವಕಾಶವಿದೆ.

4. ಓದುವ ದಾರಿಯಲ್ಲಿ ಆಗುವ ಮಾರ್ಪಾಡು

ಹಾಳೆಯಲ್ಲಿ ಎಲ್ಲವೂ ಸರಿಯಾಗಿ ಶೇಖರವಾಗಿದೆ ಎಂದಿಟ್ಟುಕೊಳ್ಳೋಣ. ಜಿ-ಸ್ಪ್ರೆಡ್‌ನಲ್ಲಿ ಹಾಳೆಯನ್ನು ಓದಲು ಎರಡು ಜನಪ್ರಿಯ ಆದೇಶಗಳಿವೆ. ‘ಗೆಟ್ ಆಲ್ ವ್ಯಾಲ್ಯೂಸ್’ ಕೋಶಗಳನ್ನು ಅಕ್ಷರಸರಣಿಗಳಾಗಿ ಮರಳಿಸುತ್ತದೆ. ‘ಗೆಟ್ ಆಲ್ ರೆಕಾರ್ಡ್ಸ್’ ಪ್ರತಿ ಸಾಲನ್ನೂ ಶೀರ್ಷಿಕೆಯೊಂದಿಗೆ ಜೋಡಿಸಿ ಕೊಡುವುದರಿಂದ ಹೆಚ್ಚು ಅನುಕೂಲಕರ. ಆದರೆ ಸಂಖ್ಯೆಯಂತೆ ಕಾಣುವುದನ್ನೆಲ್ಲ ಸಂಖ್ಯೆಯಾಗಿಸುತ್ತದೆ. ಇದಕ್ಕಾಗಿ ಅಲ್ಪವಿರಾಮಗಳನ್ನು ತೆಗೆದುಹಾಕಿ, ಉಳಿದುದನ್ನು ಮೊದಲು ಪೂರ್ಣಾಂಕವಾಗಿ, ಆಗದಿದ್ದರೆ ದಶಮಾಂಶ ಸಂಖ್ಯೆಯಾಗಿ ಓದಲು ಯತ್ನಿಸುತ್ತದೆ. ಪದಪಟ್ಟಿಯಲ್ಲಿ ಇದರ ಪರಿಣಾಮಗಳು ಹೀಗಿವೆ.

ಮಾಹಿತಿದಾರರ ಸಂಕೇತ ‘007’ ಎಂದಿದ್ದರೆ 7 ಆಗುತ್ತದೆ; ಧ್ವನಿಕಡತದ ಹೆಸರಿನೊಂದಿಗೆ ಅದು ಹೊಂದುವುದಿಲ್ಲ. ಒಂದನೆಯ ಮತ್ತು ಮೂರನೆಯ ಅರ್ಥಗಳನ್ನು ಸೂಚಿಸುವ ‘1,3’ ಎಂಬುದು 13 ಆಗುತ್ತದೆ. ಪೈಥಾನ್ ಕನ್ನಡ ಅಂಕಿಗಳನ್ನೂ ಅಂಕಿಗಳೆಂದೇ ಗುರುತಿಸುವುದರಿಂದ ‘೧೨’ ಎಂಬ ಬರಹ 12 ಎಂಬ ಮೌಲ್ಯವಾಗಿ, ಲಿಪಿಯ ಗುರುತನ್ನು ಕಳೆದುಕೊಳ್ಳುತ್ತದೆ. ಹರಿಹರೇಶ್ವರ ದೇವಾಲಯದ ಶಾಸನಗಳ ಪಾಠವನ್ನು ಪದಶಃ ಹಾಳೆಗೆ ಇಳಿಸುವವರಿಗೆ ಅಂಕಿಯ ಲಿಪಿಯೂ ಪಾಠದ ಭಾಗವೇ.

ಅತ್ಯಂತ ಅನಿರೀಕ್ಷಿತವಾದುದು ರೋಮನ್ ಲಿಪ್ಯಂಕನದಲ್ಲಿ ಎದುರಾಗುತ್ತದೆ. ಆಡುಮಾತಿನ ‘ನನ್’, ಅಂದರೆ ‘ನನ್ನ’ ಎಂಬುದರ ಹ್ರಸ್ವರೂಪ, ರೋಮನ್‌ನಲ್ಲಿ ಎನ್, ಎ, ಎನ್ ಎಂಬ ಮೂರು ಅಕ್ಷರಗಳಾಗುತ್ತದೆ. ಗಣಕಕ್ಕೆ ಅದೇ ಮೂರು ಅಕ್ಷರಗಳು ‘ಸಂಖ್ಯೆಯಲ್ಲ’ ಎಂಬ ವಿಶೇಷ ಸಂಖ್ಯಾಮೌಲ್ಯದ ಹೆಸರು. ಪರಿವರ್ತನೆ ಯಶಸ್ವಿಯಾಗುತ್ತದೆ, ಮುಂದೆ ಪಾಂಡಾಸ್ ಲೈಬ್ರರಿ ಅದನ್ನು ಗೈರುಮೌಲ್ಯವೆಂದು ಪರಿಗಣಿಸುತ್ತದೆ, ರೂಪವಾರು ಗುಂಪುಮಾಡಿ ಎಣಿಸುವಾಗ ಆ ಗುಂಪನ್ನೇ ಕೈಬಿಡುತ್ತದೆ. ಕ್ಷೇತ್ರದಲ್ಲಿ ಕೇಳಿದ, ಹಾಳೆಯಲ್ಲಿ ಕಾಣುವ ಪದವೊಂದು ಯಾವ ದೋಷಸೂಚನೆಯೂ ಇಲ್ಲದೆ ಕೋಷ್ಟಕದಿಂದ ಮಾಯವಾಗುತ್ತದೆ. ಇದೇ ರೀತಿ, ಲೈಪ್‌ಜಿಗ್ ಪಟ್ಟಿಯಲ್ಲಿ ಭಾವರೂಪಕ್ಕೆ ಬಳಸುವ ಐ, ಎನ್, ಎಫ್ ಎಂಬ ಸಂಕ್ಷೇಪವು ಕೋಶದಲ್ಲಿ ಒಂಟಿಯಾಗಿದ್ದರೆ ‘ಅನಂತ’ ಎಂಬ ಸಂಖ್ಯೆಯಾಗುತ್ತದೆ.

ಪರಿಹಾರ ಸರಳ. ‘ನ್ಯೂಮರಿಸೈಸ್ ಇಗ್ನೋರ್’ ಎಂಬ ಆಯ್ಕೆಗೆ ‘ಆಲ್’ ಎಂದು ಪಟ್ಟಿಯ ರೂಪದಲ್ಲಿ ಕೊಟ್ಟರೆ ಯಾವ ಕಂಬಸಾಲೂ ಸಂಖ್ಯೆಯಾಗುವುದಿಲ್ಲ. ಸಂಖ್ಯೆ ನಿಜವಾಗಿಯೂ ಬೇಕಾದ ಕಡೆ, ಉದಾಹರಣೆಗೆ ವಯಸ್ಸಿಗೆ, ಪರಿವರ್ತನೆಯನ್ನು ಪ್ರೋಗ್ರಾಂನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹಾಳೆಯನ್ನು ಸಿಎಸ್‌ವಿ ಕಡತವಾಗಿ ಇಳಿಸಿ ಪಾಂಡಾಸ್‌ನಲ್ಲಿ ಓದುವವರೂ ಗೈರುಮೌಲ್ಯಗಳನ್ನು ತಾನಾಗಿ ಗುರುತಿಸುವ ಆಯ್ಕೆಯನ್ನು ನಿಲ್ಲಿಸಬೇಕಾಗುತ್ತದೆ.

ಖಾಲಿ ಕೋಶದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಕೇಳಲಿಲ್ಲ, ಕೇಳಿದರೂ ಪದ ದೊರೆಯಲಿಲ್ಲ, ದೊರೆತರೂ ಇನ್ನೂ ನಮೂದಾಗಿಲ್ಲ ಎಂಬ ಮೂರು ಸ್ಥಿತಿಗಳು ಉಪಭಾಷಾಶಾಸ್ತ್ರದಲ್ಲಿ ಮೂರು ಬೇರೆ ಸಂಗತಿಗಳು. ಲೈಬ್ರರಿಗೆ ಮೂರೂ ಒಂದೇ ಶೂನ್ಯ ಅಕ್ಷರಸರಣಿ. ಪ್ರತಿ ಸ್ಥಿತಿಗೂ ಕನ್ನಡದಲ್ಲಿಯೇ ಒಂದು ಸಂಕೇತಪದವನ್ನು ನಿಗದಿಪಡಿಸುವುದು ಒಳ್ಳೆಯದು.

5. ಕಾಣುವಾಗ ಒಂದು, ಹೋಲಿಸುವಾಗ ಹಲವು

ಮೂರನೆಯ ಮಾರ್ಪಾಡು ಹಾಳೆಯದೂ ಅಲ್ಲ, ಲೈಬ್ರರಿಯದೂ ಅಲ್ಲ. ಕನ್ನಡದ ಯೂನಿಕೋಡ್ ಸಂಕೇತವ್ಯವಸ್ಥೆಯದು. ‘ಆನಗೋಡು’ ಎಂಬ ಹೆಸರೇ ಇದಕ್ಕೆ ಉದಾಹರಣೆ. ಇದರಲ್ಲಿರುವ ಓಕಾರದ ಚಿಹ್ನೆಗೆ ದಶಮಾನದಲ್ಲಿ 3275 ಎಂಬ ಒಂದೇ ಸಂಕೇತವಿದೆ; ಆಗ ಇಡೀ ಹೆಸರು ಆರು ಸಂಕೇತಗಳದ್ದು. ಅದೇ ಚಿಹ್ನೆಯನ್ನು ಒಕಾರದ 3274ಕ್ಕೆ ದೀರ್ಘಚಿಹ್ನೆಯ 3285ನ್ನು ಸೇರಿಸಿಯೂ ಬರೆಯಬಹುದು, ಆಗ ಏಳು. ಎಕಾರದ 3270, ಊಕಾರದ 3266 ಮತ್ತು ದೀರ್ಘಚಿಹ್ನೆಯ 3285 ಎಂದು ಪೂರ್ತಿ ಬಿಡಿಸಿಯೂ ಬರೆಯಬಹುದು, ಆಗ ಎಂಟು. ಪರದೆಯ ಮೇಲೆ ಮೂರೂ ಒಂದೇ. ಪೈಥಾನ್‌ನಲ್ಲಿ ಹೋಲಿಸಿದರೆ ಮೂರೂ ಬೇರೆ. ‘ಹರಿಹರ’ ಎಂಬ ಹೆಸರಿಗೆ ಈ ತೊಡಕಿಲ್ಲ. ಕನ್ನಡದಲ್ಲಿ ಹೀಗೆ ಬಿಡಿಸಬಹುದಾದ ಸ್ವರಚಿಹ್ನೆಗಳು ಐದು: ಈ, ಏ, ಐ, ಒ ಮತ್ತು ಓ. ನೀರು, ಮೇಲೆ, ಕೈ, ಹೊಸ, ಹೋಗು ಎಂಬ ಪದಗಳನ್ನು ನೋಡಿದರೆ, ಮೂಲಪದಪಟ್ಟಿಯ ಎಷ್ಟು ಭಾಗ ಇದರ ವ್ಯಾಪ್ತಿಗೆ ಬರುತ್ತದೆಂಬುದು ತಿಳಿಯುತ್ತದೆ.

ಇಂದಿನ ಕೀಲಿಮಣೆಗಳು ಸಾಮಾನ್ಯವಾಗಿ ಜೋಡಿಸಿದ ರೂಪವನ್ನೇ ಕೊಡುತ್ತವೆ. ಬಿಡಿಸಿದ ರೂಪ ಬರಲು ಎರಡು ದಾರಿಗಳಿವೆ. ಯೂನಿಕೋಡ್‌ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ಅಕ್ಷರದ ಆಕಾರದ ಭಾಗಗಳಿಗೆ ಸಂಕೇತಗಳಿದ್ದವು. ಆ ಕಾಲದ ಕಡತಗಳನ್ನು ಭಾಗಕ್ಕೆ ಭಾಗವೆಂಬಂತೆ ಪರಿವರ್ತಿಸಿದಾಗ ಚಿಹ್ನೆಗಳು ಬಿಡಿಬಿಡಿಯಾಗಿಯೇ ಉಳಿಯಬಲ್ಲವು. ಎರಡನೆಯದಾಗಿ, ಆಪಲ್ ಗಣಕಗಳ ಹಿಂದಿನ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತದೆ. ಅಲ್ಲಿಂದ ನಕಲಿಸಿದ ಧ್ವನಿಕಡತದ ಹೆಸರಿನಲ್ಲಿರುವ ‘ಆನಗೋಡು’ ಹಾಳೆಯಲ್ಲಿ ಒತ್ತಿದ ‘ಆನಗೋಡು’ವಿಗೆ ಸಮನಾಗುವುದಿಲ್ಲ.

ಈಗ ಹೀಗೆ ಭಾವಿಸೋಣ: ಆನಗೋಡಿನ ಪದಗಳನ್ನು ಫೋನಿನಲ್ಲಿ ಒತ್ತಲಾಗಿದೆ, ಹರಿಹರದ ಪದಗಳು ಹಳೆಯ ಕಡತದಿಂದ ಪರಿವರ್ತನೆಯಾಗಿ ಬಂದಿವೆ. ಎರಡೂ ಊರುಗಳಲ್ಲಿ ‘ಹೋಗು’ ಎಂದೇ ಇದ್ದರೂ ಸ್ಥಳವಾರು ರೂಪಗಳನ್ನು ಎಣಿಸುವ ಪ್ರೋಗ್ರಾಂ ಎರಡು ರೂಪಗಳನ್ನು ಕಾಣುತ್ತದೆ. ಅವುಗಳ ಹಂಚಿಕೆ ಎಷ್ಟು ಅಚ್ಚುಕಟ್ಟಾಗಿರುತ್ತದೆಂದರೆ ಎರಡು ಊರುಗಳ ನಡುವೆ ಸಮಭಾಷಾಂಶ ರೇಖೆಯನ್ನು, ಅಂದರೆ ಐಸೊಗ್ಲಾಸನ್ನು, ಎಳೆಯಬಹುದು. ನಕ್ಷೆಯಲ್ಲಿ ನೋಡಿದವರಿಗೆ ಅದು ನಂಬಲರ್ಹವಾಗಿಯೇ ಕಾಣುತ್ತದೆ. ಏಕೆಂದರೆ ಆ ಸೀಮೆಯಲ್ಲಿ ರೇಖೆಗಳಿರುವುದು ನಿರೀಕ್ಷಿತವೇ. ಆದರೆ ಅದು ಮಾತಿನ ಗಡಿಯಲ್ಲ, ಬೆರಳಚ್ಚಿನ ಗಡಿ.

ಈ ನಿರ್ದಿಷ್ಟ ತೊಡಕಿಗೆ ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಪ್ರಮಾಣೀಕರಣವೇ ಮದ್ದು. ಪೈಥಾನ್‌ನ ಮೂಲ ಸಲಕರಣೆಗಳಲ್ಲಿಯೇ ಅದು ದೊರೆಯುತ್ತದೆ. ರೋಮನ್ ಲಿಪ್ಯಂಕನದಲ್ಲಿ ಮೂರ್ಧನ್ಯಗಳಿಗೆ ಹಾಕುವ ಕೆಳಚುಕ್ಕೆಯ ಎರಡು ಬರಹಗಳನ್ನೂ ಅದು ಒಂದಾಗಿಸುತ್ತದೆ. ಆದರೆ ‘ಶುದ್ಧೀಕರಣ’ ಎಂಬ ಒಂದೇ ಹೆಸರಿನಲ್ಲಿ ಎಲ್ಲ ಭೇದಗಳನ್ನೂ ಅಳಿಸುವುದು ಮತ್ತೊಂದು ಅಪಾಯ. ಭೇದಗಳನ್ನು ಮೂರು ಸ್ತರಗಳಾಗಿ ವಿಂಗಡಿಸುವುದು ಸೂಕ್ತವೆಂದು ನಮ್ಮ ಅಭಿಪ್ರಾಯ.

ಮೊದಲನೆಯ ಸ್ತರ: ಯೂನಿಕೋಡ್ ತಾನೇ ಸಮಾನವೆಂದು ಘೋಷಿಸಿರುವ ಬರಹಗಳು. ಇವನ್ನು ಎಲ್ಲ ಸಂದರ್ಭಗಳಲ್ಲೂ ಒಂದಾಗಿಸಬಹುದು.

ಎರಡನೆಯ ಸ್ತರ: ಬರಹದ ರೂಢಿಯಿಂದ ಬಂದ ಭೇದಗಳು. ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನು ಒತ್ತಿ ‘ಅಂಗಡಿ’ಯನ್ನು ‘ಅ೦ಗಡಿ’ ಎಂದು ಬರೆಯುವುದು ಸಾಮಾನ್ಯ. ಕಣ್ಣಿಗೆ ಎರಡೂ ಸರಿಸುಮಾರು ಒಂದೇ, ಸಂಕೇತಗಳು 3202 ಮತ್ತು 3302. ‘ಬರ್ತೈತಿ’ ಮತ್ತು ‘ಬರ್‌ತೈತಿ’ಗಳ ನಡುವೆ ಇರುವುದು 8204 ಎಂಬ ಅಗೋಚರ ಅಕ್ಷರ ಮಾತ್ರ. ಐಪಿಎ ಬರಹದಲ್ಲಿ ದೀರ್ಘಚಿಹ್ನೆಯ ಬದಲು ಸಾಮಾನ್ಯ ವಿವರಣಚಿಹ್ನೆ ಬಂದಿರುವುದೂ ಇದೇ ವರ್ಗದ್ದು. ಇವು ಯಾವುವೂ ಎನ್‌ಎಫ್‌ಸಿಯಿಂದ ಒಂದಾಗುವುದಿಲ್ಲ. ಇವನ್ನು ಒಂದಾಗಿಸುವ ಪ್ರತಿ ನಿಯಮವನ್ನೂ ಪ್ರೋಗ್ರಾಂನಲ್ಲಿ ಬರೆದು, ಪ್ರಬಂಧದಲ್ಲಿ ಪ್ರಕಟಿಸಬೇಕು.

ಮೂರನೆಯ ಸ್ತರ: ಮನೆ ಮತ್ತು ಮನಿ, ಐತೆ ಮತ್ತು ಐತಿ. ಇವು ದತ್ತಾಂಶವೇ. ಅಕ್ಷರಸಾಮ್ಯದ ಆಧಾರದ ಮೇಲೆ ‘ಸಮೀಪದ ಪದ’ಗಳನ್ನು ತಾನಾಗಿ ಒಂದಾಗಿಸುವ ಯಾವ ಸಲಕರಣೆಯನ್ನೂ ಇಲ್ಲಿ ಬಳಸಬಾರದು.

6. ಒಂದು ಕಾರ್ಯಕ್ರಮ

ಮೇಲಿನ ವಿವೇಚನೆಯಿಂದ ಹೊರಡುವ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೂಲ ಹಾಳೆಗೆ ಮನುಷ್ಯರು ಮಾತ್ರ ಬರೆಯಬೇಕು. ಪ್ರೋಗ್ರಾಂ ಅದನ್ನು ಓದಬೇಕೇ ಹೊರತು ತಿದ್ದಬಾರದು. ಪ್ರಮಾಣೀಕರಿಸಿದ ರೂಪ, ಸಂದೇಹಾಸ್ಪದ ಕೋಶಗಳ ಪಟ್ಟಿ ಮುಂತಾದವುಗಳನ್ನು ಅದು ಬೇರೆ ಸ್ಪ್ರೆಡ್‌ಶೀಟಿಗೆ ‘ರಾ’ ಕ್ರಮದಲ್ಲಿ ಬರೆಯಲಿ. ಆಗ ಎಣಿಕೆಯ ಪ್ರತಿ ಅಂಕಿಯಿಂದ ಕ್ಷೇತ್ರದಲ್ಲಿ ನಮೂದಾದ ಕೋಶದವರೆಗೆ ಹಿಂದಿರುಗಲು ದಾರಿಯಿರುತ್ತದೆ.

ಸ್ಥಳಕ್ಕೆ ಸಂಬಂಧಿಸಿದ ಆಡಳಿತ ವಿವರಗಳನ್ನು ಪ್ರತಿ ಸಾಲಿನಲ್ಲಿ ಪುನರಾವರ್ತಿಸದೆ ಪ್ರತ್ಯೇಕ ಪಟ್ಟಿಯಲ್ಲಿ ಇಡುವುದು ಮೇಲು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿದ ಹರಪನಹಳ್ಳಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ಅಸ್ತಿತ್ವಕ್ಕೆ ಬಂದ ವಿಜಯನಗರ ಜಿಲ್ಲೆಯ ಭಾಗವಾಗಿದೆ. ಜಿಲ್ಲೆಯ ಹೆಸರನ್ನು ಆಧರಿಸಿ ಗುಂಪುಮಾಡಿದ ಉಪಭಾಷಾ ಕೋಷ್ಟಕ ಸರ್ಕಾರದ ಒಂದು ಆದೇಶದಿಂದ ಬದಲಾಗಬಾರದು.

ಸಂಗ್ರಹ ಆರಂಭಿಸುವ ಮುನ್ನ ಒಂದು ಮರುಪಯಣದ ಪರೀಕ್ಷೆಯನ್ನು ನಡೆಸುವಂತೆ ಸಂಶೋಧನ ವಿದ್ಯಾರ್ಥಿಗಳಿಗೆ ನಾವು ಸೂಚಿಸುತ್ತೇವೆ. ಮೂರು ಬಗೆಯಲ್ಲಿ ಬರೆದ ‘ಆನಗೋಡು’, ‘=ಊ’, ‘1-2’, ‘007’, ‘1,3’, ‘೧೨’, ರೋಮನ್‌ನಲ್ಲಿ ‘ನನ್’, ಸೊನ್ನೆಯುಳ್ಳ ‘ಅ೦ಗಡಿ’ ಇವುಗಳನ್ನು ಹಾಳೆಗೆ ಕೈಯಾರೆಯೂ ಪ್ರೋಗ್ರಾಂ ಮೂಲಕವೂ ತುಂಬಿ, ಮರಳಿ ಓದಿ, ಹೋದುದಕ್ಕೂ ಬಂದುದಕ್ಕೂ ಸಂಕೇತಕ್ಕೆ ಸಂಕೇತ ಹೊಂದುತ್ತದೆಯೇ ಎಂದು ನೋಡಬೇಕು. ಹತ್ತು ಸಾಲುಗಳ ಈ ಪರೀಕ್ಷೆ ಅನಂತರದ ಸಾವಿರಾರು ಸಾಲುಗಳ ವಿಶ್ವಾಸಾರ್ಹತೆಯನ್ನು ತೀರ್ಮಾನಿಸುತ್ತದೆ. ಲೈಬ್ರರಿಯ ಆವೃತ್ತಿ ಬದಲಾದಾಗಲೆಲ್ಲ ಇದನ್ನು ಮತ್ತೆ ನಡೆಸಬೇಕು. ಶೀಟ್ಸ್ ಎಪಿಐಯ ಮೂರನೆಯ ಆವೃತ್ತಿ 2021ರಲ್ಲಿ ಸ್ಥಗಿತಗೊಂಡಿತು. 2024ರಲ್ಲಿ ಬಂದ ಜಿ-ಸ್ಪ್ರೆಡ್ 6ರಲ್ಲಿ ‘ಅಪ್‌ಡೇಟ್’ ಆದೇಶದ ಮೊದಲೆರಡು ಅಂಶಗಳ ಕ್ರಮ ಅದಲುಬದಲಾಯಿತು. ಆದ್ದರಿಂದ ಬಳಸಿದ ಆವೃತ್ತಿಯ ಸಂಖ್ಯೆಯನ್ನು ಪ್ರಬಂಧದ ವಿಧಾನ ವಿಭಾಗದಲ್ಲಿ ನಮೂದಿಸುವುದು ಔಪಚಾರಿಕತೆಯಲ್ಲ.

ಪ್ರತಿ ವಿಶ್ಲೇಷಣೆಯ ಆಧಾರವಾದ ಹಾಳೆಯ ಪ್ರತಿಯನ್ನು ದಿನಾಂಕಸಹಿತವಾಗಿ ಯುಟಿಎಫ್-8 ಸಂಕೇತದ ಸಿಎಸ್‌ವಿ ಕಡತವಾಗಿ ಇಳಿಸಿಡಬೇಕು. ಅದನ್ನು ಎಕ್ಸೆಲ್‌ನಲ್ಲಿ ತೆರೆಯುವವರಿದ್ದರೆ ಆರಂಭದ ಗುರುತಿನೊಂದಿಗೆ, ಅಂದರೆ ಪೈಥಾನ್‌ನಲ್ಲಿ ‘ಯುಟಿಎಫ್-8-ಸಿಗ್’ ಎಂಬ ಕ್ರಮದಲ್ಲಿ, ಉಳಿಸುವುದು ಒಳ್ಳೆಯದು. ಇಲ್ಲವಾದರೆ ಕನ್ನಡ ಅಕ್ಷರಗಳು ಅರ್ಥಹೀನ ಚಿಹ್ನೆಗಳಾಗಿ ಕಾಣಬಹುದು.

7. ಸಮಾರೋಪ

ಆನ್‌ಲೈನ್ ಹಾಳೆ ಮತ್ತು ಲೈಬ್ರರಿಗಳನ್ನು ಕೈಬಿಡಬೇಕೆಂಬುದು ಇಲ್ಲಿನ ಆಶಯವಲ್ಲ. ಬೇರೆ ಬೇರೆ ಊರುಗಳಲ್ಲಿರುವವರು ಒಂದೇ ಪಟ್ಟಿಯನ್ನು ತುಂಬಲು, ಎಣಿಕೆಯನ್ನು ಯಾರು ಬೇಕಾದರೂ ಮತ್ತೆ ನಡೆಸಿ ನೋಡಲು ಇವುಗಳಿಂದ ದೊರೆಯುವ ಅನುಕೂಲ ಚೀಟಿಗಳ ಕಾಲದಲ್ಲಿ ಇರಲಿಲ್ಲ. ಆದರೆ ಲಿಪ್ಯಂಕನದ ಆಯ್ಕೆಗಳನ್ನು ಸಮರ್ಥಿಸುವ ಹೊಣೆಯನ್ನು ಭಾಷಾವಿಜ್ಞಾನಿಗಳು ಹೇಗೆ ಹೊತ್ತುಕೊಂಡಿದ್ದಾರೋ ಹಾಗೆಯೇ ಕೋಶದಿಂದ ಕೋಷ್ಟಕದವರೆಗಿನ ದಾರಿಯನ್ನು ವಿವರಿಸುವ ಹೊಣೆಯೂ ಅವರದೇ ಆಗಿದೆ. ಆನಗೋಡಿನ ಹಿರಿಯರೊಬ್ಬರು ‘ಮನಿ’ ಎಂದರೆ ನಕ್ಷೆಯ ಮೇಲೂ ‘ಮನಿ’ ಎಂದೇ ಇರಬೇಕು. ಅವರೂ ಹರಿಹರದವರೂ ‘ಹೋಗು’ ಎಂದೇ ಆಡಿದರೆ ನಕ್ಷೆಯ ಮೇಲೆ ಇಬ್ಬರ ನಡುವೆ ಗೆರೆ ಮೂಡಬಾರದು.